ಮುಂದಿನ ಸಾಲಿನ ಕಾಲುಗಳು

(ಮಂಡ್ಯ ತಾಲ್ಲೂಕಿನ ನಮ್ಮೂರ ಸರ್ಕಾರಿ ಹೈಸ್ಕೂಲಿನಲ್ಲಿ ಈ ಫೆಬ್ರವರಿಯಲ್ಲಿ ಹತ್ತನೇ ಕ್ಲಾಸಿನವರ ಬೀಳ್ಕೊಡುಗೆ ಇತ್ತು. ಅಲ್ಲಿ ನಾನು ಆಡಿದ ಮಾತನ್ನು ಮಿಸ್ ಒಬ್ಬರು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದರು. ಅದನ್ನು ಕೇಳಿ ಕೇಳಿ ಬರೆದಿದ್ದೇನೆ. ಮೈಕು ಕುಂಯ್ ಅಂದ ಕಡೆ ಒಂದೆರಡು ಮಾತು ಬಿಟ್ಟುಹೋಗಿವೆ.)

ಎಚ್.ಎಂ. ಮೇಡಂ ಅವರಿಗೆ, ಮೇಷ್ಟ್ರುಗಳಿಗೆ, ಮಿಸ್‌ಗಳಿಗೆ, ಎಸ್‌ಡಿಎಂಸಿಯವರಿಗೆ ನಮಸ್ಕಾರ. ಮಕ್ಕಳೇ, ನಿಮಗೂ.

ಸ್ಟೇಜ್ ಮೇಲೆ ಕೂತರೆ ನನಗೆ ಕೈ ಎಲ್ಲಿಡಬೇಕು ಅಂತಾನೇ ಗೊತ್ತಾಗಲ್ಲ. ನಾನು ಫೋಟೋ ಹೊಡೆಯುವವನು. ಪ್ರತಿ ವರ್ಷ ಈ ಕಾರ್ಯಕ್ರಮದಲ್ಲಿ ನಾನು ಇರುವ ಜಾಗ ಅಗೋ, ಆ ಹೊಂಗೆ ಮರದ ಕೆಳಗೆ. ಭಾಷಣ ಯಾವಾಗ ಮುಗಿಯುತ್ತೆ, ಬಿಸಿಲು ಯಾವಾಗ ಇಳಿಯುತ್ತೆ ಅಂತ ನೋಡ್ತಾ ನಿಂತಿರುತ್ತೇನೆ. ಈ ಸಲ ಮೇಡಂ, 'ನೀವೂ ಇಲ್ಲೇ ಓದಿದವರಲ್ವಾ, ಮೊದಲು ಎರಡು ಮಾತಾಡಿ, ಆಮೇಲೆ ಫೋಟೋ ಹೊಡೀರಿ' ಅಂದರು. ಸಾಮಾನ್ಯವಾಗಿ ಇಂಥದಕ್ಕೆ ಇನ್‌ಸ್ಪೆಕ್ಟರನ್ನೋ ತಹಸೀಲ್ದಾರರನ್ನೋ ಕರೆಯುತ್ತಾರೆ. ಅವರು ಬಂದು 'ನಿಮ್ಮ ಹಾಗೇ ನಾನೂ ಈ ಬೆಂಚಿನಲ್ಲಿ ಕೂತಿದ್ದೆ' ಅಂತಾರೆ. ನಾನೂ ಕೂತಿದ್ದೆ. ಆದರೆ ಎಸ್ಸೆಸ್ಸೆಲ್ಸಿಯಲ್ಲಿ ಜಸ್ಟ್ ಪಾಸು. ಅದಕ್ಕೇ ಬುದ್ಧಿ ಹೇಳುವ ಭಾಗ ನಾನು ಮಾಡಲ್ಲ. ಮೇಡಂ ಆಗಲೇ ಹೇಳಿದ್ದಾರೆ, ಮುಕ್ಕಾಲು ಗಂಟೆ.

(ನಗು.)

ನೂರಡಿ ರಸ್ತೆ ಹತ್ತಿರ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಇಪ್ಪತ್ತೇಳು ವರ್ಷದಿಂದ ಈ ಸುತ್ತಮುತ್ತಿನ ಶಾಲೆಗಳ ಗ್ರೂಪ್ ಫೋಟೋ ಹೊಡೀತಿದ್ದೀನಿ. ಒಂದೊಂದು ಕಾಪಿ ನನ್ನ ಹತ್ತಿರಾನೂ ಇಟ್ಟುಕೊಂಡಿದ್ದೀನಿ. ಇವತ್ತು ಈ ಶಾಲೆಯದೇ ಆರು ಫೋಟೋ ತಂದಿದ್ದೀನಿ. ಒಂದು ನಮ್ಮ ಬ್ಯಾಚಿಂದು, 1992ರದು. ಅದನ್ನ ಹೊಡೆದವನು ನಾನಲ್ಲ, ಅದರಲ್ಲಿ ನಿಂತವನು. ಕೈಯಿಂದ ಕೈಗೆ ದಾಟಿಸಿ. ಕೋಡುಬಳೆ ತಿಂದ ಕೈ ಒರೆಸಿಕೊಂಡು ಮುಟ್ರಪ್ಪಾ.

ಎಲ್ಲರೂ ಮೊದಲು ಮುಖ ನೋಡುತ್ತಾರೆ. ನೀವು ಮುಖ ಬಿಡಿ. ಮುಂದಿನ ಸಾಲಿನ ಕಾಲು ನೋಡಿ.

ಗ್ರೂಪ್ ಫೋಟೋದಲ್ಲಿ ಎತ್ತರದವರು ಹಿಂದೆ ಬೆಂಚಿನ ಮೇಲೆ ಹತ್ತುತ್ತಾರೆ. ಅವರ ಮುಂದೆ ನೆಲದ ಮೇಲೆ ನಿಂತವರು. ಆಮೇಲೆ ಕುರ್ಚಿಯಲ್ಲಿ ಮೇಷ್ಟ್ರುಗಳು, ಎಚ್.ಎಂ. ಸರಿಯಾಗಿ ನಡುವೆ. ಎಲ್ಲಕ್ಕಿಂತ ಮುಂದೆ ಜಮಖಾನದ ಮೇಲೆ ಗಿಡ್ಡ ಹುಡುಗರು, ಚಕ್ಕಳಮಕ್ಕಳ ಹಾಕಿಕೊಂಡು. ಎಷ್ಟೇ ಮಡಚಿ ಕೂತರೂ ಹೆಬ್ಬೆರಳು ಹೊರಗೆ ಬಂದೇ ಬರುತ್ತೆ. ಮುಖಕ್ಕೆ ಪೌಡರ್ ಹಾಕ್ಕೊಂಡು ಬರ್ತಾರೆ, ತಲೆಗೆ ನೀರು ಹಚ್ಚಿ ಬಾಚುತ್ತಾರೆ, ಕಾಲಿಗೆ ಏನೂ ಮಾಡಕ್ಕಾಗಲ್ಲ.

1992ರ ಫೋಟೋದಲ್ಲಿ ಮುಂದಿನ ಸಾಲಿನಲ್ಲಿ ಹನ್ನೊಂದು ಜನ. ಒಂಬತ್ತು ಜನ ಬರಿಗಾಲು. ಒಬ್ಬನ ಹವಾಯಿ ಚಪ್ಪಲಿ ಬೆನ್ನ ಹಿಂದೆ ಇದೆ, ಹುಡುಕಿದರೆ ಒಂದು ಪಟ್ಟಿ ಕಾಣುತ್ತೆ. ಶೂ ಹಾಕಿದ್ದವನು ಒಬ್ಬನೇ. ಅವರಪ್ಪ ಮೈಷುಗರ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದರು, ತಿಂಗಳ ಸಂಬಳದ ಮನೆ. ನಮ್ಮದೆಲ್ಲ ಕಬ್ಬು ಕಡಿದು ಬಿಲ್ ಬಂದ ಮೇಲೆ ಬಟ್ಟೆ ತರುವ ಮನೆಗಳು. ಹೆಣ್ಣುಮಕ್ಕಳು ಎಡಗಡೆ ಮೂಲೆಯಲ್ಲಿ ಒತ್ತಿಕೊಂಡು ನಿಂತಿದ್ದಾರೆ, ಎಂಟೇ ಜನ, ಲಂಗ ದಾವಣಿ. ನಾನು? ಹಿಂದಿನ ಸಾಲು, ಬಲದಿಂದ ಮೂರನೆಯವನು. ಮುಂದಿರುವವನ ಕಿವಿ ಅಡ್ಡ ಬಂದು ನನ್ನ ಮುಖ ಅರ್ಧ ಮಾತ್ರ ಬಿದ್ದಿದೆ. ಆ ಫೋಟೋಗ್ರಾಫರ್ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಬಹುಶಃ ಅದಕ್ಕೇ ಈ ಕೆಲಸಕ್ಕೆ ಬಂದೆ.

ಈಗ ಆ ಕಲರ್ ಫೋಟೋ ನೋಡಿ, 2008ರದು. ಹಿಂದೆ ಗೋಡೆಗೆ ಒರಗಿಸಿದ ಸೈಕಲ್ ಸಾಲು ಕಾಣ್ತಿದೆಯಾ? ಎಂಟನೇ ಕ್ಲಾಸಿನವರಿಗೆ ಸರ್ಕಾರ ಸೈಕಲ್ ಕೊಡಲು ಶುರು ಮಾಡಿದ್ದು 2006-07ರಲ್ಲಿ. ಆವತ್ತು ನಾನು ಸೈಕಲ್ ತೆಗೆದಿಡ್ರೋ, ಫೋಟೋ ಕೆಡುತ್ತೆ ಅಂತ ಬೈದಿದ್ದೆ. ಒಬ್ಬನೂ ತೆಗೆಯಲಿಲ್ಲ. ಅವರಿಗೆ ಸೈಕಲ್ಲೂ ಫೋಟೋದಲ್ಲಿ ಬರಬೇಕಿತ್ತು. ಈಗ ನೋಡಿದರೆ ಅವರದ್ದೇ ಸರಿ ಅನಿಸುತ್ತೆ. ಇನ್ನೊಂದು ನೋಡಿ, ಅದೇ ಫೋಟೋದಲ್ಲಿ ಹೆಣ್ಣುಮಕ್ಕಳ ಸಾಲು ಉದ್ದ ಆಗಿದೆ. ನಾಲೆ ಆಚೆ ಹಳ್ಳಿಗಳಿಂದ ಹೆಣ್ಣುಮಕ್ಕಳು ಹೈಸ್ಕೂಲಿಗೆ ಬರಲು ಶುರು ಮಾಡಿದ್ದು ಆ ಸೈಕಲ್ ಮೇಲೆ. ನಾಲೆ ಏರಿ ಮೇಲೆ ಐದಾರು ಹುಡುಗಿಯರು ಒಟ್ಟಿಗೆ ತುಳ್ಕೊಂಡು ಬರೋದನ್ನ ನಾನೇ ನೋಡಿದ್ದೀನಿ. ಕೊರೊನಾ ಬಂದ ಮೇಲೆ ಆ ಸೈಕಲ್ ನಿಂತುಹೋಯಿತು. ನಿಮಗೆ ಸಿಗಲಿಲ್ಲ.

ಮೂಲೆಯಲ್ಲಿ ಹೊಗೆ ಹಿಡಿದ ಗೋಡೆ ಇದೆಯಲ್ಲ, ಅದು ಅಡುಗೆಮನೆ. ಬಿಸಿಯೂಟ ಹೈಸ್ಕೂಲಿನವರೆಗೂ ಬಂದದ್ದು 2007-08ರಲ್ಲಿ. ನಮ್ಮ ಕಾಲದಲ್ಲಿ ಮಧ್ಯಾಹ್ನ ಮುದ್ದೆ ಕಟ್ಟಿಕೊಂಡು ಬರುವ ಹಾಗಿರಲಿಲ್ಲ. ತಣ್ಣಗಾದ ಮುದ್ದೆ ಕಲ್ಲಾಗುತ್ತೆ. ಕಬ್ಬಿನ ಗಾಡಿ ಹೋಗ್ತಿದ್ದರೆ ಹಿಂದಿನಿಂದ ಒಂದು ಜಲ್ಲೆ ಎಳೆದುಕೊಂಡು ಅದರಲ್ಲೇ ಊಟ ಮುಗಿಸ್ತಿದ್ವಿ. ಗಾಡಿಯವನು ಚಾವಟಿ ಬೀಸಿದ ಹಾಗೆ ಮಾಡ್ತಿದ್ದ. ತಾಗಿಸ್ತಿರಲಿಲ್ಲ.

ಇನ್ನು 2017ರ ಫೋಟೋ. ಈಗ ಮತ್ತೆ ಕಾಲು ನೋಡಿ. ಎಲ್ಲ ಕಾಲಿಗೂ ಕಪ್ಪು ಶೂ, ಕಾಲುಚೀಲ. ಸರ್ಕಾರ ಶೂ ಕೊಡಲು ಶುರು ಮಾಡಿದ್ದು 2015-16ರಲ್ಲಿ. ಕೆಲವರ ಶೂ ಸೈಜು ದೊಡ್ಡದು, ಕೆಲವರದು ಬಾಯಿ ಬಿಟ್ಟಿದೆ. ಮುಂದಿನ ಸಾಲಿನ ಎಡಗಡೆಯವನು ಲೇಸು ಕಟ್ಟಿಲ್ಲ. ಆದರೂ ಶೂ ಇರುವವನು ಯಾರು, ಇಲ್ಲದವನು ಯಾರು ಅಂತ ಈ ಫೋಟೋದಲ್ಲಿ ಹೇಳಕ್ಕಾಗಲ್ಲ. ಯೋಜನೆ ಬಗ್ಗೆ ಎಷ್ಟೋ ಜಗಳ ಕೇಳಿದ್ದೀನಿ, ಕಮಿಷನ್ನು ಅಂತಾರೆ, ಕಳಪೆ ಅಂತಾರೆ. ಇರಬಹುದು. ನಾನು ಫೋಟೋದಲ್ಲಿ ಕಂಡದ್ದು ಹೇಳ್ತಿದ್ದೀನಿ.

2021ರ ಫೋಟೋ ಕೇಳಬೇಡಿ, ಇಲ್ಲ. ಆ ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷೆ ಎರಡೇ ದಿನ ಆಯ್ತು. ಜುಲೈ 19 ಮತ್ತು 22. ಒಂದು ದಿನ ಗಣಿತ, ವಿಜ್ಞಾನ, ಸಮಾಜ, ಇನ್ನೊಂದು ದಿನ ಮೂರೂ ಭಾಷೆ. ಬರೆಯೋದೂ ಇಲ್ಲ, ಓಎಂಆರ್ ಶೀಟಿನಲ್ಲಿ ಗುಂಡಿ ತುಂಬೋದು. ಮಾಸ್ಕ್ ಹಾಕ್ಕೊಂಡು ಬಂದರು, ಮಾಸ್ಕ್ ಹಾಕ್ಕೊಂಡೇ ಹೋದರು. ಆ ವರ್ಷ ನಾನು ಒಂದು ಶಾಲೆಯಲ್ಲೂ ಗ್ರೂಪ್ ಫೋಟೋ ಹೊಡೆಯಲಿಲ್ಲ. ಆ ಬ್ಯಾಚಿನ ಹುಡುಗನೊಬ್ಬ ಮೊನ್ನೆ ಪಾಸ್‌ಪೋರ್ಟ್ ಸೈಜ್ ಫೋಟೋಗೆ ಬಂದಿದ್ದ. 'ಅಣ್ಣ, ನಮ್ಮ ಕ್ಲಾಸಿನ ಅರ್ಧ ಜನರ ಮೂತಿ ಹೆಂಗಿತ್ತು ಅಂತಾನೇ ಮರ್ತೋಗದೆ' ಅಂದ.

ನಿಮ್ಮ ವಿಷಯಕ್ಕೆ ಬರ್ತೀನಿ. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದಾಗ ನೀವು ನಾಲ್ಕನೇ ಕ್ಲಾಸು. ಐದನೇ ಕ್ಲಾಸು ಎಲ್ಲಿ ಓದಿದ್ರಿ?

('ಮಾರಮ್ಮನ ಗುಡೀಲಿ ಸಾರ್!' 'ನಮ್ಮನೆ ಜಗಲೀಲಿ!')

ನೋಡಿ, ವಿದ್ಯಾಗಮ. ಮೇಷ್ಟ್ರು ಬೈಕಿನಲ್ಲಿ ಬಂದು ಗುಡಿ ಜಗಲಿ ಮೇಲೆ, ಅರಳೀಕಟ್ಟೆ ಮೇಲೆ ಪಾಠ ಮಾಡಿದರು. ಅದೂ ನಡುವೆ ನಿಂತಿತು. ಮನೆಯಲ್ಲಿ ಒಂದೇ ಮೊಬೈಲು, ಅದು ಅಪ್ಪನ ಜೊತೆ ಗದ್ದೆಗೆ ಹೋಗ್ತಿತ್ತು. ಈಗ ನಿಮ್ಮ ಮೇಷ್ಟ್ರು 'ಈ ಬ್ಯಾಚಿಗೆ ಭಾಗಾಕಾರಾನೇ ಬರಲ್ಲ' ಅಂತ ಬೈಯ್ತಾರಲ್ಲ, ಬೈಯ್ಲಿ. ಆದರೆ ಕಲಿಯಬೇಕಾದ ವರ್ಷದಲ್ಲಿ ನೀವು ಎಲ್ಲಿದ್ರಿ ಅಂತ ಅವರಿಗೂ ಗೊತ್ತು. (ನಗು. ಗಣಿತದ ಮೇಷ್ಟ್ರು ಜೋರಾಗಿ ನಕ್ಕರು.)

ಈ ಶಾಲೆಗೆ ಎಂಟನೇ ಕ್ಲಾಸಿಗೆ ಬಂದದ್ದು 2023. ಆ ಸೆಪ್ಟೆಂಬರಿನಲ್ಲಿ ಕಾವೇರಿ ಚಳವಳಿ. 23ಕ್ಕೆ ಮಂಡ್ಯ ಬಂದ್, 29ಕ್ಕೆ ಕರ್ನಾಟಕ ಬಂದ್. ನಾವು ಹತ್ತನೇ ಕ್ಲಾಸಲ್ಲಿದ್ದಾಗಲೂ ಅಷ್ಟೇ, 1991ರ ಡಿಸೆಂಬರ್. ಕಾವೇರಿ ನ್ಯಾಯಮಂಡಳಿ ತಮಿಳುನಾಡಿಗೆ 205 ಟಿಎಂಸಿ ನೀರು ಬಿಡಬೇಕು ಅಂದಿತ್ತು. ಊರೆಲ್ಲ ಹೊತ್ತಿಕೊಂಡಿತು. ನಮಗೆ ಪೈಥಾಗೊರಸ್ ಪ್ರಮೇಯ ಬರುತ್ತಿರಲಿಲ್ಲ, ಟಿಎಂಸಿ ಅಂದರೆ ಎಷ್ಟು ಅಂತ ಬರುತ್ತಿತ್ತು. ಕೆಆರ್‌ಎಸ್ ಕಟ್ಟೆ ತುಂಬಿದರೆ 124.80 ಅಡಿ. ಮಂಡ್ಯದ ಮಗು ಮಗ್ಗಿಗಿಂತ ಮೊದಲು ಈ ನಂಬರ್ ಕಲಿಯುತ್ತೆ. ಬೆಳಗ್ಗೆ ಪೇಪರಿನಲ್ಲಿ ಕಟ್ಟೆ ನೀರಿನ ಮಟ್ಟ ನೋಡಿ, ಅಪ್ಪ ಫೀಸಿಗೆ ದುಡ್ಡು ಕೊಡ್ತಾನಾ ಇಲ್ವಾ ಅಂತ ನಾವು ಲೆಕ್ಕ ಹಾಕ್ತಿದ್ವಿ. ನಿಮಗೆ ಎಂಟನೇ ಕ್ಲಾಸಲ್ಲಿ ಬರ, ಹತ್ತನೇ ಕ್ಲಾಸಿಗೆ ಬಂದ ಜೂನ್‌ನಲ್ಲೇ ಕಟ್ಟೆ ಭರ್ತಿ. ನಡುವೆ ಒಂಬತ್ತನೇ ಕ್ಲಾಸಲ್ಲಿ ಮಂಡ್ಯದಲ್ಲೇ ಸಾಹಿತ್ಯ ಸಮ್ಮೇಳನ, 87ನೆಯದು. ಅಲ್ಲಿ ಏನು ನೆನಪಿದೆ?

('ಬಾಡೂಟ!' ಇಡೀ ಹಾಲು.)

ಬಾಡೂಟ ಬೇಕು ಅಂತ ಆದ ಗಲಾಟೆ ನೆನಪಿದೆ. ಗೋಷ್ಠಿ ಒಂದೂ ನೆನಪಿಲ್ಲ. ನನಗೂ ಹಾಗೇ, ಮೂರು ದಿನ ಅಲ್ಲೇ ಕ್ಯಾಮೆರಾ ಹಿಡಿದು ಓಡಾಡಿದ್ದೀನಿ.

ಈಗ ಒಂದು ಪ್ರಶ್ನೆ. ಎಂಟನೇ ಕ್ಲಾಸಿಗೆ ಸೇರಿದಾಗ ನೀವು ಎಷ್ಟು ಜನ ಇದ್ರಿ?

(ಗುಸುಗುಸು. ಹಿಂದಿನಿಂದ ಒಂದು ಹುಡುಗಿ, 'ನಲವತ್ತಾರು ಸಾರ್.')

ಈಗ?

('ಮೂವತ್ತೊಂಬತ್ತು.')

ಏಳು ಜನ ಎಲ್ಲಿ?

ಹೇಳಬೇಡಿ, ಈಗಲೇ ಹೇಳಬೇಡಿ. ಸುಮ್ನೆ ಮನಸ್ಸಿನಲ್ಲಿ ಹೆಸರು ಹಿಡಿಯಿರಿ. ಎಷ್ಟು ಬರುತ್ತೆ ನೋಡಿ.

ಆ 1992ರ ಫೋಟೋ ಯಾರ ಕೈಯಲ್ಲಿದೆ? ಕೆಳಗೆ ಮೌಂಟಿನ ಮೇಲೆ, ಅಂದರೆ ಫೋಟೋ ಅಂಟಿಸಿದ ರಟ್ಟಿನ ಮೇಲೆ, ಹೆಸರುಗಳ ಪಟ್ಟಿ ಇದೆಯಲ್ಲ. ಕೊನೆಯ ಸಾಲು ಓದಮ್ಮ.

('ಗೈರುಹಾಜರಾದವರು...' ಅಂತ ಓದಿ ಹುಡುಗಿ ನಾಲ್ಕು ಹೆಸರು ಹೇಳಿದಳು. ಇಲ್ಲಿ ಬರೆಯುತ್ತಿಲ್ಲ.)

ಹಳೇ ಫೋಟೋಗಳಲ್ಲಿ ಈ ಸಾಲು ಇರುತ್ತಿತ್ತು. ಫೋಟೋ ದಿನ ಜ್ವರ ಬಂದವನು, ಊರಿಗೆ ಹೋದವನು, ದುಡ್ಡು ಕೊಡಕ್ಕಾಗದೆ ಬೇಕಂತಲೇ ಬರದೇ ಇದ್ದವನು. ಮುಖ ಇಲ್ಲದಿದ್ದರೂ ಹೆಸರು ಇರುತ್ತಿತ್ತು. ಈಗ ಯಾರೂ ಹಾಕಿಸಲ್ಲ. ಒಂದು ಶಾಲೆಯಲ್ಲಿ, ಹೆಸರು ಬೇಡ, ನಾನೇ ಆ ಸಾಲು ಹಾಕಿದ್ದಕ್ಕೆ ಮೌಂಟು ವಾಪಸ್ ಬಂತು. ಆಫೀಸ್ ರೂಮಿನಲ್ಲಿ ತೂಗುಹಾಕ್ತೀವಿ, ಯಾರಾದರೂ ನೋಡಿ ಕೇಳಿದರೆ ಏನು ಹೇಳೋದು ಅಂದರು. ಮತ್ತೆ ಪ್ರಿಂಟ್ ಹಾಕಿಕೊಟ್ಟೆ. ನಷ್ಟ ನಂದೇ.

ಆದರೆ ಆ ಗೈರಿನ ಸಾಲಿನಲ್ಲೂ ಇಲ್ಲದವರು ಇರ್ತಾರೆ. ಹತ್ತನೇ ಕ್ಲಾಸಿನ ಹಾಜರಿ ಪುಸ್ತಕದಲ್ಲೇ ಹೆಸರಿಲ್ಲದವರು. ಎಂಟರಲ್ಲಿ ನನ್ನ ಪಕ್ಕ ಕೂರ್ತಿದ್ದವನೊಬ್ಬ ಇದ್ದ. ನನ್ನ ಕಾಂಪಾಸ್ ಬಾಕ್ಸಿನ ಮುಳ್ಳು ಮುರಿದವನು. ಚೆನ್ನಾಗಿ ಓದ್ತಿದ್ದ, ನನಗಿಂತ ಜಾಸ್ತಿ. ಒಂಬತ್ತರಲ್ಲಿ ಕಬ್ಬು ಕಡಿಯುವ ಕಾಲಕ್ಕೆ ಆಲೆಮನೆಗೆ ಹೋದ. ಗಾಣಕ್ಕೆ ಕಬ್ಬು ಕೊಡೋದು, ರಚ್ಚು, ಅಂದರೆ ಹಿಂಡಿದ ಕಬ್ಬಿನ ಸಿಪ್ಪೆ, ಒಣಗಿಸೋದು, ಒಲೆಗೆ ಹಾಕೋದು. ಹದಿನೈದು ದಿನ ಅಂತ ಹೋದವನು ವಾಪಸ್ ಬರಲಿಲ್ಲ. ನಾವು ಯಾರೂ ಕೇಳಲಿಲ್ಲ. ಅವನ ಜಾಗದಲ್ಲಿ ಇನ್ನೊಬ್ಬ ಬಂದು ಕೂತ, ಅಷ್ಟೇ. ಈಗಲೂ ನೋಡಿ, ಕಡ್ಡಾಯ ಶಿಕ್ಷಣದ ಕಾನೂನು 2010ರ ಏಪ್ರಿಲ್‌ನಿಂದ ಇದೆ, ಆದರೆ ಅದು ಹದಿನಾಲ್ಕು ವರ್ಷದವರೆಗೆ, ಎಂಟನೇ ಕ್ಲಾಸಿನವರೆಗೆ. ಒಂಬತ್ತು ಆ ಬೇಲಿಯ ಆಚೆಗೆ. ಹುಡುಗರು ಕಳೆದುಹೋಗೋದು ಅಲ್ಲೇ.

2017ರಲ್ಲಿ ನಮ್ಮ ಬ್ಯಾಚಿಗೆ ಇಪ್ಪತ್ತೈದು ವರ್ಷ ಆಯ್ತು ಅಂತ ಗುರುವಂದನೆ ಮಾಡಿದ್ವಿ. ನಿಮಗೆ ಗೊತ್ತಲ್ಲ, ವಾಟ್ಸಾಪ್ ಗ್ರೂಪ್ ಮಾಡೋದು, ಎಲ್ಲರಿಗೂ ಒಂದೇ ಬಣ್ಣದ ಶರ್ಟು, ಮೇಷ್ಟ್ರಿಗೆ ಶಾಲು, ಹಾರ, ಮೈಸೂರು ಪೇಟ. ಇದೇ ಅಂಗಳದಲ್ಲಿ. ದೊಡ್ಡ ಶಾಮಿಯಾನ ಹಾಕಿಸಿದ್ವಿ. ನಮ್ಮ ಕನ್ನಡ ಮೇಷ್ಟ್ರಿಗೆ ಆಗ ಎಂಬತ್ತರ ಹತ್ತಿರ. ಕಣ್ಣು ಮಂಜು. ನಮ್ಮನ್ನೆಲ್ಲ ಒಬ್ಬೊಬ್ಬರನ್ನೇ ಹತ್ತಿರ ಕರೆದು ಹೆಸರು ಕೇಳ್ತಿದ್ರು, ಗುರುತು ಹತ್ತಲಿಲ್ಲ. ಊಟಕ್ಕೆ ಎದ್ದಾಗ ಶಾಮಿಯಾನದ ಗೂಟದ ಹತ್ತಿರ ನಿಂತಿದ್ದ ಒಬ್ಬನನ್ನ ನೋಡಿದರು. ಮೊಣಕೈವರೆಗೆ ಮಡಚಿದ ತೋಳು, ಹೆಗಲ ಮೇಲೆ ಹಗ್ಗ. ಮೇಷ್ಟ್ರು ನಿಂತರು. 'ಲೋ, ನೀನು ಎಂಟನೇ ಕ್ಲಾಸು ಬಿ ಸೆಕ್ಷನ್ ಅಲ್ವೇನೋ? ಷಟ್ಪದಿ ಗಣ ಹಾಕ್ತಿದ್ದವನು?'

ಅವನೇ. ಆಲೆಮನೆ ಬಿಟ್ಟು ಶಾಮಿಯಾನ ಇಟ್ಟುಕೊಂಡಿದ್ದ. ಹಿಂದಿನ ಸಂಜೆಯಿಂದ ನಮ್ಮ ಕಾರ್ಯಕ್ರಮಕ್ಕೆ ಗೂಟ ಹೊಡೆದು, ಇನ್ನೂರು ಕುರ್ಚಿ ಇಳಿಸಿದ್ದ. ಅಡ್ವಾನ್ಸ್ ಕೊಟ್ಟವನು ನಾನೇ. ಫೋನಿನಲ್ಲಿ ಮಾತಾಡಿದ್ದೆ. ಗುರುತು ಹಿಡಿದಿರಲಿಲ್ಲ. ಅವನು ಹಿಡಿದಿದ್ದ.

ಫೋಟೋ ಹೊಡೆಯುವಾಗ ಕರೆದೆ. 'ಬಾರ್ಲಾ, ನಿಂತ್ಕೊ.' 'ನಾನ್ ನಿಮ್ ಬ್ಯಾಚಲ್ಲ ಕಣ್ಲಾ' ಅಂದ, 'ನಾನು ಒಂಬತ್ರಲ್ಲೇ ಬುಟ್ಟೋನು. ನೀವ್ ನಿಂತ್ಕಳಿ, ನಂಗೆ ಕುರ್ಚಿ ಎಣಿಸ್ಬೇಕು.' ಮೂರು ಸಲ ಕರೆದೆ. ಬರಲಿಲ್ಲ. ಕೊನೆಗೆ ನನ್ನ ಹುಡುಗನ ಕೈಗೆ ಕ್ಯಾಮೆರಾ ಕೊಟ್ಟು ನಾನೂ ಸಾಲಿನಲ್ಲಿ ನಿಂತೆ. ಈ ಸಲ ಮುಖ ಪೂರ್ತಿ ಬಿತ್ತು. ಆ ಫೋಟೋ ನಿಮ್ಮ ಕೈಯಲ್ಲಿರೋ ಆರರಲ್ಲಿ ಇಲ್ಲ, ತರಲಿಲ್ಲ.

ಈಗ ನಿಮಗೆ ಫೋಟೋಶಾಪ್ ಇದೆ, ಏನು ಬೇಕಾದರೂ ಸೇರಿಸಬಹುದು ಅಂತೀರಿ. ನಾಲ್ಕು ವರ್ಷದ ಹಿಂದೆ ಒಬ್ಬ ತಾಯಿ ಸ್ಟುಡಿಯೋಗೆ ಬಂದರು. ಮಗ ಜನವರಿಯಲ್ಲಿ ಓದು ಬಿಟ್ಟು ಬೆಂಗಳೂರಿಗೆ ಬೇಕರಿ ಕೆಲಸಕ್ಕೆ ಹೋಗಿದ್ದ. ಬೇರೆಯವರ ಮನೆಗಳಲ್ಲಿ ಗ್ರೂಪ್ ಫೋಟೋ ಗೋಡೆ ಮೇಲೆ ಬಂದಿತ್ತು. 'ಇದ್ರಲ್ಲಿ ನಮ್ ಹುಡ್ಗುನ್ನೂ ಅಂಟ್ಸಿಕೊಡಿ ಸಾರ್' ಅಂದರು. ಹಾಲ್ ಟಿಕೆಟ್‌ಗೆ ಅಂತ ತೆಗೆದಿದ್ದ ಪಾಸ್‌ಪೋರ್ಟ್ ಫೋಟೋ ಇತ್ತು. ಹಿಂದಿನ ಸಾಲಿನಲ್ಲಿ ಸಂದಿ ಮಾಡಿ ಕೂರಿಸಿದೆ. ಎಲ್ಲರ ಮುಖಕ್ಕೂ ಎಡಗಡೆಯಿಂದ ಬೆಳಕು, ಅವನಿಗೆ ಮಾತ್ರ ನೇರ ಫ್ಲ್ಯಾಶ್. ಎಲ್ಲರೂ ನಗ್ತಿದ್ದಾರೆ, ಇವನು ಆಧಾರ್ ಕಾರ್ಡಿನ ಹಾಗೆ ನೋಡ್ತಿದ್ದಾನೆ. ನನಗೆ ಕೊಡಲು ನಾಚಿಕೆ ಆಯ್ತು. ಆ ತಾಯಿ ಮಾತ್ರ ಸೆರಗಿನಲ್ಲಿ ಒರೆಸಿ ಒರೆಸಿ ನೋಡಿದರು. ದುಡ್ಡು ತಗೊಳ್ಳಲಿಲ್ಲ ನಾನು. ತಗೊಳ್ಳಬೇಕಿತ್ತೇನೋ, ಅವರಿಗೆ ಬೇಜಾರಾಯ್ತು.

ಪರೀಕ್ಷೆ ಬಗ್ಗೆ ಒಂದೇ ಮಾತು. ನಮ್ಮ ಕಾಲದಲ್ಲಿ ಫೇಲಾದರೆ ಮಳೆಗಾಲ ಪೂರ್ತಿ ಮನೆಯಲ್ಲಿ ಬೈಗುಳ ತಿನ್ನಬೇಕಿತ್ತು. 2024ರಲ್ಲಿ ಒಂದೇ ವರ್ಷಕ್ಕೆ ಪರೀಕ್ಷೆ ಒಂದು, ಎರಡು, ಮೂರು ಅಂತ ಶುರು ಮಾಡಿದರು. ಮೂರು ಟೇಕ್. ನಮ್ಮ ಫಿಲ್ಮ್ ರೋಲ್ ಕಾಲದಲ್ಲಿ ನನಗೂ ಅಷ್ಟೇ ಸಿಗ್ತಿತ್ತು, ಒಂದು ಗ್ರೂಪಿಗೆ ಮೂರು ಕ್ಲಿಕ್. ಯಾರು ಕಣ್ಣು ಮುಚ್ಚಿದ್ದಾರೆ ಅಂತ ಪ್ರಿಂಟ್ ಬಂದ ಮೇಲೆಯೇ ಗೊತ್ತಾಗೋದು. ಇನ್ನೊಂದು, 2024ರಿಂದ ಪರೀಕ್ಷಾ ಕೊಠಡಿಯಲ್ಲೂ ಕ್ಯಾಮೆರಾ ಇದೆ. ಆ ಕ್ಯಾಮೆರಾ ಕಡೆ ನೋಡಿ ಸ್ಮೈಲ್ ಮಾಡಬೇಡಿ.

ಸರಿ, ಬಿಸಿಲು ಆ ಗೋಡೆ ದಾಟಿತು. ಇನ್ನು ಅರ್ಧ ಗಂಟೆ ಒಳ್ಳೇ ಬೆಳಕು. ಹುಡುಗರು ಆರು ಬೆಂಚು ಹೊರಗೆ ಹಾಕಿ, ಕಾಲು ಅಲ್ಲಾಡೋ ಬೆಂಚು ಬೇಡ, ಹೋದ ವರ್ಷ ಹಿಂದಿನ ಸಾಲು ಪೂರ್ತಿ ಬಿದ್ದಿತ್ತು. ಹೆಣ್ಣುಮಕ್ಕಳು ಮೂಲೆಗೆ ಹೋಗಬೇಡಿ, ನಡುವೆ ನಿಂತ್ಕೊಳ್ಳಿ. ಆ ಏಳು ಹೆಸರನ್ನ ಒಂದು ಚೀಟಿಯಲ್ಲಿ ಬರೆದು ಕೊಡಿ. ಮೌಂಟಿನಲ್ಲಿ ಒಂದು ಸಾಲು ಜಾಸ್ತಿ ಆಗುತ್ತೆ. ಮೇಡಂ ಒಪ್ಪಿದ್ದಾರೆ.

(ಮಾತು ಇಲ್ಲಿಗೆ ಮುಗಿಯಿತು. ಫೋಟೋ ಆದ ಮೇಲೆ ಚೀಟಿ ಬಂತು. ಏಳರಲ್ಲಿ ಒಂದು ಹೆಸರಿನ ಮೇಲೆ ಗೀಟು. 'ಅವನು ಮದ್ದೂರಲ್ಲಿ ಓದ್ತಾವ್ನೆ ಸಾರ್, ಆ ಸ್ಕೂಲ್ ಫೋಟೋಲಿ ಬತ್ತಾನೆ' ಅಂದರು. ಉಳಿದದ್ದು ಆರು. ನಾನು ಸ್ಟ್ಯಾಂಡ್ ಮಡಚುತ್ತಿದ್ದಾಗ ಒಬ್ಬಳು ಹುಡುಗಿ ಒಂಟಿಯಾಗಿ ಬಂದಳು. ಚೀಟಿಯ ಐದನೇ ಹೆಸರಿನ ಮೇಲೆ ಬೆರಳಿಟ್ಟು, 'ಇವಳದು ಹಾಕಬೇಡಿ ಸಾರ್. ಈಗ ಅವಳಿರೋ ಮನೇಲಿ ಗೊತ್ತಾದ್ರೆ ಬೈತಾರೆ' ಅಂದಳು. ಒಂದು ನಿಮಿಷ ನಿಂತು, 'ಹಾಕಿದ್ರೆ ಅವಳಿಗೆ ಇಷ್ಟ ಆಗುತ್ತೆ' ಅಂತಲೂ ಅಂದಳು. ಮೌಂಟು ಸೋಮವಾರ ಪ್ರಿಂಟಿಗೆ ಹೋಗಬೇಕು. ಚೀಟಿ ಇನ್ನೂ ನನ್ನ ಟೇಬಲ್ ಮೇಲೆ, ಗಾಜಿನ ಕೆಳಗಿದೆ.)